ಹಾಡಿದ್ದಕ್ಕೇ ಕಾಲು ಹೋಯ್ತಾ? ನಾರ್ವೆಯ ಒಬ್ಬ ಫುಟ್ಬಾಲ್ ಆಟಗಾರನ ಪ್ರಕರಣ

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕೋಚ್ ನನ್ನ ಚಿಕಿತ್ಸಾ ಕೋಣೆಗೆ ಬಂದ. ಬಾಗಿಲು ಹಾಕಿಕೊಂಡು, ಕೂರದೆ ನಿಂತೇ ಕೇಳಿದ: "ಒಂದೇ ಮಾತಲ್ಲಿ ಹೇಳು. ಹಾಡಿದ್ದಕ್ಕೇ ಅವನ ಕಾಲು ಹೋಯ್ತಾ?"

ನಾನು ಆ ಕ್ಲಬ್ಬಿನ ಫಿಸಿಯೋಥೆರಪಿಸ್ಟ್. ಒಂದೇ ಮಾತಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಸರಿಯಾದ ಉತ್ತರ ಸಿಗಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆಗಬಾರದ್ದು ಒಂದಿಷ್ಟು ಆಗಿಹೋಗಿತ್ತು. ಎರಡು ವೃತ್ತಿಗಳನ್ನು ಹೊತ್ತ ಆಟಗಾರರ ಜೊತೆ ಕೆಲಸ ಮಾಡುವವರಿಗೆ, ಅಂಥ ಮಕ್ಕಳ ತಂದೆತಾಯಿಗೆ ಇದರಿಂದ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಆಟಗಾರನ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ಕಾಲ, ಆಡುವ ಜಾಗ ಬದಲಿಸಿದ್ದೇನೆ. ಒಂದೆರಡು ಕಡೆ ಬೇರೆ ಆಟಗಾರರ ಅನುಭವವನ್ನೂ ಇದರೊಳಗೆ ಸೇರಿಸಿದ್ದೇನೆ. ಅವನನ್ನು ಎಸ್ ಎಂದು ಕರೆಯೋಣ.

ಇನ್ನೊಂದು ಮಾತು. ನಾರ್ವೆಯಲ್ಲಿ ಕೋಚ್ ಆಗಲಿ, ಕ್ಲಬ್ಬಿನ ಅಧ್ಯಕ್ಷನಾಗಲಿ, ಎಲ್ಲರೂ ಎಲ್ಲರಿಗೂ ‘ದು’, ಅಂದರೆ ‘ನೀನು’. ಸರ್ ಇಲ್ಲ, ಬಹುವಚನ ಇಲ್ಲ. ಹಾಗಾಗಿ ಇಲ್ಲಿನ ಸಂಭಾಷಣೆಯಲ್ಲಿ ಕಾಣುವ ಏಕವಚನವನ್ನು ಅಗೌರವವೆಂದು ತಿಳಿಯಬಾರದು.

ಹಿನ್ನೆಲೆ

ಎಸ್ ಹುಟ್ಟಿದ್ದು ಆರ್ಕ್ಟಿಕ್ ವೃತ್ತಕ್ಕಿಂತ ಮೇಲಿರುವ ಒಂದು ಸಣ್ಣ ಕರಾವಳಿ ಊರಿನಲ್ಲಿ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದಿಲ್ಲ, ಬೇಸಿಗೆಯಲ್ಲಿ ವಾರಗಟ್ಟಲೆ ಮುಳುಗುವುದಿಲ್ಲ. ಆ ಕತ್ತಲಲ್ಲಿ ಮಕ್ಕಳಿಗೆ ಇರುವುದು ಎರಡೇ ಬೆಳಕಿನ ಜಾಗ: ದೀಪ ಹಾಕಿದ ಕೃತಕ ಹುಲ್ಲಿನ ಮೈದಾನ, ಇಲ್ಲವೇ ಶಾಲೆಯ ಸಂಗೀತದ ಕೋಣೆ. ಅವನು ಎರಡಕ್ಕೂ ಹೋಗುತ್ತಿದ್ದ. ಶಾಲೆಯ ಬ್ಯಾಂಡಿಗೆ ಅಲ್ಲಿ ‘ಕೋರ್ಪ್ಸ್’ ಎನ್ನುತ್ತಾರೆ. ಅದರಲ್ಲಿ ಕಾರ್ನೆಟ್ ಎಂಬ ಸಣ್ಣ ಕಹಳೆ ಊದುತ್ತಿದ್ದ. ನಾರ್ವೆಯ ಸಂವಿಧಾನಕ್ಕೆ ಸಹಿ ಬಿದ್ದದ್ದು 1814ರ ಮೇ 17ರಂದು. ಪ್ರತಿವರ್ಷ ಆ ದಿನ ಮಕ್ಕಳ ಮೆರವಣಿಗೆ ಹೊರಡುತ್ತದೆ, ಅದರ ಮುಂದೆ ಈ ಬ್ಯಾಂಡುಗಳು ಸಾಗುತ್ತವೆ. ಹಿಂದಿನ ದಿನ, ಅಂದರೆ ಮೇ 16ರಂದು, ದೇಶದ ದೊಡ್ಡ ಲೀಗಿನ ಪಂದ್ಯಗಳು ನಡೆಯುವುದು ಹಳೆಯ ರೂಢಿ. ಒಂದು ದಿನ ಚೆಂಡು, ಮರುದಿನ ಕಹಳೆ. ಅವನ ಬಾಲ್ಯದಲ್ಲಿ ಇವೆರಡು ಅಕ್ಕಪಕ್ಕದಲ್ಲೇ ಇದ್ದವು.

ಇದಕ್ಕೆ ಆ ದೇಶದ ವ್ಯವಸ್ಥೆಯೂ ಕಾರಣ. 1997ರಿಂದ ಪ್ರತಿ ಪುರಸಭೆಯೂ ಮಕ್ಕಳಿಗೆ ಸಂಗೀತ ಮತ್ತು ಕಲೆಯ ಶಾಲೆ ಒದಗಿಸಬೇಕೆಂದು ಕಾನೂನೇ ಇದೆ. ಕ್ರೀಡೆಯ ಕಡೆ ಮಕ್ಕಳ ಹಕ್ಕುಗಳ ಪಟ್ಟಿಯೊಂದಿದೆ. 1987ರಲ್ಲಿ ಮಕ್ಕಳ ಕ್ರೀಡೆಗೆ ನಿಯಮಗಳು ಬಂದವು, 2007ರಲ್ಲಿ ಅವುಗಳನ್ನು ಪರಿಷ್ಕರಿಸಿದರು. ಎಸ್ ಬೆಳೆಯುವ ಹೊತ್ತಿಗೆ, 11ರ ವಯಸ್ಸು ಬರುವ ತನಕ ಅಂಕಪಟ್ಟಿ, ಶ್ರೇಯಾಂಕ ಇಡುವಂತಿರಲಿಲ್ಲ. ಹತ್ತು ವರ್ಷದ ಮಗುವನ್ನು ನಿಲ್ಲಿಸಿ ‘ನೀನು ಆಟದವನೋ, ಸಂಗೀತದವನೋ’ ಎಂದು ಯಾರೂ ಕೇಳುವುದಿಲ್ಲ. ನನಗೆ ಈ ವ್ಯವಸ್ಥೆಯ ಮೇಲೆ ಬಹಳ ಗೌರವ.

ಆದರೆ 16ಕ್ಕೆ ಕೇಳುತ್ತಾರೆ. ಮುಂದಿನ ಶಾಲೆಗೆ ಅರ್ಜಿ ಹಾಕುವಾಗ ಕ್ರೀಡಾ ವಿಭಾಗ ಒಂದು, ಸಂಗೀತ-ನೃತ್ಯ-ನಾಟಕದ ವಿಭಾಗ ಇನ್ನೊಂದು. ಎಸ್ ಕ್ರೀಡೆ ಆರಿಸಿದ. ಕಾರ್ನೆಟ್ ಬ್ಯಾಂಡಿಗೆ ವಾಪಸ್ ಹೋಯಿತು. ಅಣ್ಣನ ಹಳೆಯ ಗಿಟಾರ್ ಅವನ ಜೊತೆ ಹಾಸ್ಟೆಲಿಗೆ ಬಂತು. ಅಂದು ಅದು ಯಾರಿಗೂ ನಿರ್ಧಾರ ಅನ್ನಿಸಲಿಲ್ಲ.

ಹತ್ತೊಂಬತ್ತಕ್ಕೆ ಎರಡನೇ ದರ್ಜೆಯ ಲೀಗಿನಲ್ಲಿ ಮೊದಲ ವೃತ್ತಿಪರ ಒಪ್ಪಂದ. ಇಪ್ಪತ್ತೆರಡಕ್ಕೆ ನಮ್ಮ ಕ್ಲಬ್ಬು, ದೇಶದ ಮೊದಲ ದರ್ಜೆಯ ಲೀಗಾದ ಎಲೀಟೆಸೇರಿಯನ್. 16 ತಂಡಗಳು, 30 ಸುತ್ತು. ಎಡಗಡೆಯ ಫುಲ್‌ಬ್ಯಾಕ್, ಅಂದರೆ ಪಂದ್ಯವಿಡೀ ಗೆರೆಯಗುಂಟ ಮೇಲೆ ಕೆಳಗೆ ಓಡುತ್ತಲೇ ಇರಬೇಕು.

ತೊಡಕು

ಆಟಗಾರರು ಹಾಡುವುದು ನಾರ್ವೆಗೆ ಹೊಸದಲ್ಲ. 2006ರಲ್ಲಿ ಮೋರ್ಟೆನ್ ಗಾಮ್ಸ್ಟ್ ಪೆಡರ್ಸನ್, ಫ್ರೆಡ್ಡಿ ಡೋಸ್ ಸಾಂಟೋಸ್ ಮತ್ತಿತರ ಆಟಗಾರರು ಸೇರಿ ‘ದಿ ಪ್ಲೇಯರ್ಸ್’ ಎಂಬ ತಂಡ ಕಟ್ಟಿ, ಅಪರಾಧದ ವಿರುದ್ಧದ ಅಭಿಯಾನವೊಂದಕ್ಕೆ ಹಾಡಿದ್ದರು. 2016ರಲ್ಲಿ ಹದಿನಾರರ ಎರ್ಲಿಂಗ್ ಹಾಲಂಡ್ ಇಬ್ಬರು ಗೆಳೆಯರ ಜೊತೆ ‘ಫ್ಲೋ ಕಿಂಗ್ಸ್’ ಎಂಬ ಹೆಸರಲ್ಲಿ ರ್‍ಯಾಪ್ ವಿಡಿಯೋ ಮಾಡಿದ. ಇಂಥವನ್ನು ದೇಶ ಪ್ರೀತಿಯಿಂದಲೇ ನೋಡುತ್ತದೆ, ಏಕೆಂದರೆ ಅವು ಒಂದು ಸಲದ ಖುಷಿ. ಎಸ್‌ನದು ಹಾಗಲ್ಲ. ಅವನು ಬರೆಯುತ್ತಿದ್ದ, ಧ್ವನಿಮುದ್ರಣ ಮಾಡುತ್ತಿದ್ದ, ಟಿಕೆಟ್ ಇಟ್ಟು ಹಾಡುತ್ತಿದ್ದ. ಎರಡನೆಯದೂ ಕಸುಬೇ ಎಂದಾಗ ನೋಡುವ ಕಣ್ಣು ಬೇರೆಯಾಗುತ್ತದೆ. ‘ನೀನೇನೋ ದೊಡ್ಡವನು ಅಂದುಕೊಳ್ಳಬೇಡ’ ಎಂಬ ಅಲಿಖಿತ ಕಟ್ಟಳೆಗೆ ಅಲ್ಲಿ ‘ಯಾಂಟೆಲೋವೆನ್’ ಎಂದು ಹೆಸರೇ ಇದೆ. ಅದು ಎದುರಿಗೆ ಬಂದು ಬೈಯುವುದಿಲ್ಲ. ಊಟದ ಮೇಜಿನ ಹತ್ತಿರ ಇದ್ದಕ್ಕಿದ್ದಂತೆ ಮಾತು ನಿಲ್ಲುತ್ತದೆ, ಅಷ್ಟೇ.

ನಮ್ಮಲ್ಲಿಗೆ ಬಂದ ಎರಡನೇ ವರ್ಷ ಏಪ್ರಿಲ್‌ನಲ್ಲಿ ಅವನ ಹಾಡೊಂದು ರಾಷ್ಟ್ರೀಯ ರೇಡಿಯೋದಲ್ಲಿ ಬಂತು. ತನ್ನ ಉತ್ತರದ ಆಡುಮಾತಿನಲ್ಲೇ ಹಾಡಿದ್ದ. ಮೇ 16ರ ಪಂದ್ಯ ನಮ್ಮ ಮೈದಾನದಲ್ಲಿ. ಸಮ ಸಮ ಇದ್ದಾಗ ಪೆನಾಲ್ಟಿ ಸಿಕ್ಕಿತು. ಎಸ್ ಹೊಡೆದ ಚೆಂಡು ಕಂಬಕ್ಕೆ ತಾಗಿ ಹೊರಗೆ ಹೋಯಿತು. ಎದುರಾಳಿ ತಂಡದ ಅಭಿಮಾನಿಗಳು ಎರಡು ಸೆಕೆಂಡು ಸುಮ್ಮನಿದ್ದರು. ಆಮೇಲೆ ಅವನದೇ ಹಾಡಿನ ಪಲ್ಲವಿಯನ್ನು ಅವನದೇ ಆಡುಮಾತನ್ನು ಅಣಕಿಸುತ್ತಾ ಒಟ್ಟಾಗಿ ಹಾಡಿದರು. ನಾನು ಬೆಂಚಿನ ಪಕ್ಕದಲ್ಲಿದ್ದೆ. ಅವನು ಸಾಕ್ಸ್ ಎಳೆದುಕೊಳ್ಳುವ ನೆಪದಲ್ಲಿ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

ಅಂದಿನಿಂದ ಸೋತ ಪಂದ್ಯಕ್ಕೆಲ್ಲ ಗಿಟಾರ್ ಕಾರಣವಾಯಿತು.

ಮೂರು ವಾರದ ನಂತರ ಇನ್ನೊಂದು. ಗುರುವಾರ ರಾತ್ರಿ ನಾಲ್ಕು ಗಂಟೆ ದಾರಿಯ ಊರಿನಲ್ಲಿ ಸಂಗೀತ ಕಛೇರಿ ಮುಗಿಸಿ, ತಾನೇ ಕಾರು ಓಡಿಸಿಕೊಂಡು ಬೆಳಗಿನ ಜಾವ ಮನೆ ಸೇರಿದ್ದ. ಭಾನುವಾರ ಪಂದ್ಯ. 70ನೇ ನಿಮಿಷದ ಆಸುಪಾಸಿನಲ್ಲಿ ಗೆರೆಗುಂಟ ಓಡುತ್ತಿದ್ದವನು ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟಿದ. ಸ್ಕ್ಯಾನಿನಲ್ಲಿ ಸ್ನಾಯು ಸಣ್ಣದಾಗಿ ಹರಿದದ್ದು ಕಂಡಿತು. ಐದು ವಾರ ಹೊರಗೆ. ಮರುದಿನ ಕೋಚ್ ಬಂದು ಕೇಳಿದ್ದೇ ಮೊದಲು ಹೇಳಿದ ಪ್ರಶ್ನೆ.

ಮಾಡಿ ನೋಡಿದ್ದು

ಕ್ಲಬ್ಬಿನ ಮೊದಲ ನಿರ್ಧಾರ ಸುಲಭದ್ದು: ಋತು ಮುಗಿಯುವವರೆಗೆ ವೇದಿಕೆ ಹತ್ತಬಾರದು. ಎಸ್ ತಕ್ಷಣ ಒಪ್ಪಿದ. ತಪ್ಪಿನ ಭಾರ ಹೊತ್ತವನು ಯಾವುದಕ್ಕಾದರೂ ಒಪ್ಪುತ್ತಾನೆ. ಆ ಸಭೆಯಲ್ಲಿ ನಾನೂ ಇದ್ದೆ, ಬೇಡ ಅನ್ನಲಿಲ್ಲ. ಅವನ ಎರಡು ಸ್ನಾಯುಗಳ ಬಲದ ಅಂಕಿ ನನ್ನ ಹತ್ತಿರವಿತ್ತು. ನಿದ್ದೆಯ ಲೆಕ್ಕ ಇರಲಿಲ್ಲ. ಇಲ್ಲದ ಲೆಕ್ಕವನ್ನು ಕೇಳಬೇಕೆಂದು ಹೊಳೆಯದೇ ಹೋದದ್ದು ನನ್ನ ಲೋಪ.

ಜುಲೈ ಮಧ್ಯದಲ್ಲಿ ಕಾಲು ಸರಿಹೋಗಿ ಮೈದಾನಕ್ಕೆ ಇಳಿದ. ಅಭ್ಯಾಸದಲ್ಲಿ ಚೆನ್ನಾಗಿಯೇ ಆಡುತ್ತಿದ್ದ. ಪಂದ್ಯದಲ್ಲಿ ಮಾತ್ರ ಬೇರೆ ಮನುಷ್ಯ. ಮೊದಲಾದರೆ ಚೆಂಡು ಸಿಕ್ಕ ಕೂಡಲೇ ಮುಂದೆ ನೋಡುತ್ತಿದ್ದವನು ಈಗ ಹಿಂದಕ್ಕೆ, ಗೋಲ್‌ಕೀಪರಿಗೆ ಕೊಡುತ್ತಿದ್ದ. ತಪ್ಪಾಗದಿದ್ದರೆ ಸಾಕು ಎನ್ನುವ ಆಟ. ಆಗಸ್ಟಿನಲ್ಲಿ ಬೆಂಚಿಗೆ ಹೋದ.

ನಡುವೆ ಅವನೇ ಒಂದು ದಾರಿ ಹುಡುಕಿದ. ಬೇರೆ ಹೆಸರಿಟ್ಟುಕೊಂಡು, ಮುಖ ತೋರಿಸದೆ ಒಂದು ಹಾಡು ಬಿಟ್ಟ. ಎರಡೇ ದಿನದಲ್ಲಿ ಸಿಕ್ಕಿಬಿದ್ದ. ಆ ಉಚ್ಚಾರ, ಆ ಎಳೆತ ಬಚ್ಚಿಡುವಂಥದ್ದಲ್ಲ. ಕ್ಲಬ್ಬಿನವರಿಗೆ ಅದು ಮೋಸ ಅನ್ನಿಸಿತು. ನಂಬಿಕೆ ಇನ್ನಷ್ಟು ಕುಸಿಯಿತು.

ಆಗ ನಾನು ಅವನಿಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟೆ, ಕಿಸೆಯಲ್ಲಿ ಹಿಡಿಯುವಂಥದ್ದು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಹಿಂದಿನ ಸಂಜೆ ಏನು ಮಾಡಿದೆ. ಮೂರೇ ಕಾಲಮ್ಮು. "ಕೋಚಿಗೆ ತೋರಿಸಲ್ಲ, ನನಗೆ ಸುಳ್ಳು ಬರೀಬೇಡ" ಅಂದೆ. ಆರು ವಾರ ಬರೆದ. ಆ ನೋಟ್‌ಬುಕ್ಕೇ ಈ ಪ್ರಕರಣದ ತಿರುವು.

ಅದರಲ್ಲಿ ಎರಡು ಸಂಗತಿ ಎದ್ದು ಕಂಡವು. ಮೊದಲನೆಯದು: ಸಂಜೆ ತಡವಾಗಿ ಶುರುವಾದ ಪಂದ್ಯದ ರಾತ್ರಿಗಳಲ್ಲಿ ಅವನು ಮಲಗುತ್ತಿದ್ದದ್ದು ಮೂರಕ್ಕೆ. ಬೇರೆ ಊರಿನ ಪಂದ್ಯವಾದರೆ ನಾಲ್ಕಕ್ಕೆ. ಕಛೇರಿಯ ರಾತ್ರಿ ಎಷ್ಟಕ್ಕೆ ಮಲಗುತ್ತಿದ್ದೆ ಎಂದು ಕೇಳಿದೆ. ಹಳೆಯ ಮೆಸೇಜುಗಳನ್ನು ನೋಡಿ ಹೇಳಿದ: ಮೂರು, ಮೂರೂವರೆ. ಜನರ ಮುಂದೆ ನಿಂತು ಏನನ್ನಾದರೂ ಮಾಡಿದ ದೇಹಕ್ಕೆ, ಅದು ಆಟವೋ ಹಾಡೋ ಎಂಬ ಭೇದವಿಲ್ಲ. ಇಳಿಯಲು ಹೊತ್ತು ಬೇಕು. ಅದರ ಮೇಲೆ ಪಂದ್ಯಕ್ಕೆ ಮುಂಚೆ ಕುಡಿದ ಎರಡು ಲೋಟ ಕಾಫಿ.

ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ಪಂದ್ಯವಿಲ್ಲದ ಸಾಮಾನ್ಯ ಮಂಗಳವಾರ, ಬುಧವಾರಗಳಲ್ಲೂ ಅವನು ಒಂದೂವರೆ, ಎರಡಕ್ಕೆ ಮಲಗುತ್ತಿದ್ದ. ಮೂರನೇ ಕಾಲಮ್ಮಿನಲ್ಲಿ ಒಂದೇ ಪದ: ‘ಬೀರು’. ಏನಿದು ಎಂದೆ. ತಲೆ ತಗ್ಗಿಸಿ ಹೇಳಿದ: "ಬಟ್ಟೆ ಬೀರುವಿನ ಒಳಗೆ ಕೂತು ರೆಕಾರ್ಡ್ ಮಾಡ್ತೀನಿ. ಜಾಕೆಟ್ಟುಗಳ ಮಧ್ಯೆ ಸದ್ದು ಹೊರಗೆ ಹೋಗಲ್ಲ. ಹಗಲು ಮಾಡೋಕೆ ನಾಚಿಕೆ."

ನಿಷೇಧ ಹಾಡನ್ನು ನಿಲ್ಲಿಸಿರಲಿಲ್ಲ. ಗುರುವಾರ ಸಂಜೆಯಿಂದ ಎತ್ತಿ ನಡುರಾತ್ರಿಗೆ ಇಟ್ಟಿತ್ತು.

ನೋಟ್‌ಬುಕ್ಕನ್ನು ಕೋಚಿಗೆ ತೋರಿಸೋಣವೇ ಎಂದು ಅವನನ್ನೇ ಕೇಳಿದೆ. ಎರಡು ದಿನ ಯೋಚಿಸಿ, "ನಾನೇ ತೋರಿಸ್ತೀನಿ" ಅಂದ.

ಬಿಳಿ ಹಲಗೆಯ ಮುಂದೆ

ಅಕ್ಟೋಬರಿನ ಆ ಸಭೆ ನನಗೆ ಚೆನ್ನಾಗಿ ನೆನಪಿದೆ. ಹೊರಗೆ ಒಂದೇ ಸಮನೆ ಮಳೆ. ಕೋಚ್, ಕ್ಲಬ್ಬಿನ ಕ್ರೀಡಾ ನಿರ್ದೇಶಕ, ಎಸ್, ಆಟಗಾರರ ಸಂಘ ನಿಸೋದ ಒಬ್ಬ ಪ್ರತಿನಿಧಿ, ನಾನು. ತಂತ್ರ ವಿವರಿಸುವ ಬಿಳಿ ಹಲಗೆಯ ಮೇಲೆ ಎಸ್ ಆ ವರ್ಷದ ಪಂದ್ಯಗಳನ್ನು ಕೆಂಪು ಅಯಸ್ಕಾಂತದ ಗುಂಡಿಗಳಲ್ಲಿ ಇಟ್ಟ. ನಿಷೇಧಕ್ಕೆ ಮುಂಚಿನ ಹನ್ನೆರಡು ತಿಂಗಳಲ್ಲಿ ಮಾಡಿದ ಕಛೇರಿಗಳನ್ನು ನೀಲಿ ಗುಂಡಿಗಳಲ್ಲಿ. ಹದಿನಾಲ್ಕು ನೀಲಿ. ಅವುಗಳಲ್ಲಿ ಒಂಬತ್ತು ಡಿಸೆಂಬರ್, ಜನವರಿಯವು. ನಾರ್ವೆಯ ಲೀಗು ವಸಂತದಲ್ಲಿ ಶುರುವಾಗಿ ಚಳಿಗಾಲದ ಬಾಗಿಲಲ್ಲಿ ಮುಗಿಯುವುದರಿಂದ ಆಗ ಪಂದ್ಯಗಳೇ ಇರುವುದಿಲ್ಲ. ಇನ್ನು ಮೂರು, ಪಂದ್ಯವಾದ ಮರುದಿನ. ಪಂದ್ಯಕ್ಕೆ ಮುಂಚಿನ ಮೂರು ದಿನದೊಳಗೆ ಬಿದ್ದದ್ದು ಎರಡೇ ಎರಡು. ಅದರಲ್ಲೊಂದು ಆ ಗುರುವಾರ.

ಕೋಚ್ ಎದ್ದು ಹೋಗಿ ಆ ಎರಡು ಗುಂಡಿಗಳನ್ನು ಬೆರಳಿನಿಂದ ಮುಟ್ಟಿದ. "ಈ ಎರಡು ಇರಬಾರದಿತ್ತು" ಅಂದ.

"ಇರಬಾರದಿತ್ತು," ಎಸ್ ಒಪ್ಪಿದ. "ಅದು ನನ್ನ ತಪ್ಪು. ಉಳಿದ ಹನ್ನೆರಡು?"

ಕೋಚ್ ಬಹಳ ಹೊತ್ತು ಹಲಗೆ ನೋಡಿದ. ನಂತರ ನನ್ನ ಕಡೆ ತಿರುಗಿ, ಜೂನಿನಲ್ಲಿ ಕೇಳಿದ ಪ್ರಶ್ನೆಯನ್ನೇ ಇನ್ನೊಂದು ಬಗೆಯಲ್ಲಿ ಕೇಳಿದ: "ಆ ಕಾಲಿಗೆ ಏನೇನು ಕಾರಣ?"

ಆಗ ಹೇಳಲು ನನ್ನ ಹತ್ತಿರ ಉತ್ತರವಿತ್ತು. ಎಂಟು ದಿನದಲ್ಲಿ ಮೂರು ಪಂದ್ಯ. ಗುರುವಾರದ ನಿದ್ದೆಗೇಡು ಮತ್ತು ರಾತ್ರಿಯ ನಾಲ್ಕು ಗಂಟೆ ಕಾರು. ಇದರ ಜೊತೆಗೆ ನಾವು ಯಾರೂ ಗಮನಿಸದ ಇನ್ನೊಂದು: ವಾರಕ್ಕೆರಡು ಸಲ ಮಾಡಬೇಕಾದ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮವನ್ನು ಅವನು ಮಾರ್ಚಿನಿಂದ ಬಿಟ್ಟುಬಿಟ್ಟಿದ್ದ. ಮೊಣಕಾಲೂರಿ, ಹಿಂದಿನಿಂದ ಗೆಳೆಯ ಪಾದ ಹಿಡಿದಿರುವಾಗ, ದೇಹವನ್ನು ನಿಧಾನವಾಗಿ ಮುಂದಕ್ಕೆ ಬಿಡುವ ವ್ಯಾಯಾಮ ಅದು. ತೊಡೆಯ ಹಿಂಭಾಗದ ಗಾಯವನ್ನು ತಡೆಯುವುದರಲ್ಲಿ ಅದರ ಪಾತ್ರವನ್ನು ತೋರಿಸಿಕೊಟ್ಟವರಲ್ಲಿ ಓಸ್ಲೋದ ಕ್ರೀಡಾ ವೈದ್ಯರೇ ಮುಂಚೂಣಿಯವರು. ಅವರ ದೇಶದಲ್ಲೇ, ನನ್ನ ಕಣ್ಣೆದುರೇ, ಆಟಗಾರ ಅದನ್ನು ತಪ್ಪಿಸಿದ್ದ. ಎಲ್ಲರೂ ಗಿಟಾರನ್ನೇ ನೋಡುತ್ತಿದ್ದಾಗ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ದಿನವೇ ನಿಷೇಧ ಹೋಯಿತು. ಅದರ ಜಾಗಕ್ಕೆ ಒಂದು ಪುಟದ ಬರಹ ಬಂತು. ನಿಸೋದ ಪ್ರತಿನಿಧಿ ಅದನ್ನು ಆಟಗಾರನ ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಬೇಕೆಂದು ಪಟ್ಟುಹಿಡಿದ. ಬಾಯಿಮಾತು ಸಾಕು ಎಂದು ಕೋಚ್ ಹೇಳಿದ್ದ. ಪ್ರತಿನಿಧಿ ಒಪ್ಪಲಿಲ್ಲ. ಅದು ಎಷ್ಟು ಸರಿಯಾಗಿತ್ತೆಂದು ಮುಂದೆ ತಿಳಿಯಿತು.

ಪಂದ್ಯಕ್ಕೆ ಮುಂಚಿನ ಮೂರು ದಿನ ವೇದಿಕೆ ಇಲ್ಲ. ಕಛೇರಿಯಿಂದ ಮನೆಗೆ ಅವನು ಕಾರು ಓಡಿಸುವಂತಿಲ್ಲ, ಬೇರೆಯವರೇ ಓಡಿಸಬೇಕು. ಧ್ವನಿಮುದ್ರಣ ಹಗಲಿನಲ್ಲಿ, ಅಭ್ಯಾಸ ಮುಗಿದ ಮೇಲೆ, ಸಂಜೆ ಏಳಕ್ಕೆ ಮುಗಿಯಬೇಕು. ನಿದ್ದೆಯ ನೋಟ್‌ಬುಕ್ ಮುಂದುವರಿಯಬೇಕು, ಅದನ್ನು ನೋಡುವುದು ವೈದ್ಯಕೀಯ ತಂಡ ಮಾತ್ರ. ಇವು ಕ್ಲಬ್ಬಿನ ಷರತ್ತುಗಳು.

ಎಸ್ ಇಟ್ಟದ್ದು ಒಂದೇ ಷರತ್ತು, ಅದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಅವನ ಹಾಡನ್ನು ಕ್ಲಬ್ಬು ಎಲ್ಲೂ ಬಳಸಬಾರದು. ಮೈದಾನದ ಧ್ವನಿವರ್ಧಕದಲ್ಲಿ ಬೇಡ, ಟಿಕೆಟ್ ಜಾಹೀರಾತಿನಲ್ಲಿ ಬೇಡ, ಗೆದ್ದಾಗಲೂ ಬೇಡ. ನಿರ್ದೇಶಕನಿಗೆ ಆಶ್ಚರ್ಯವಾಯಿತು. ಗೆದ್ದಾಗ ಹಾಕಿದರೆ ಸಂತೋಷವಲ್ಲವೇ ಎಂದ. ಎಸ್ ಹೇಳಿದ: "ಗೆದ್ದಾಗ ನೀನು ಅದನ್ನ ಹಾಕಿದ್ರೆ, ಸೋತಾಗ ಅವರು ಅದನ್ನ ಹಾಡ್ತಾರೆ."

ಆದದ್ದು

ಮುಂದಿನ ಋತುವಿನಲ್ಲಿ 30ರಲ್ಲಿ 24 ಪಂದ್ಯ ಶುರುವಿನಿಂದಲೇ ಆಡಿದ. ತೊಡೆ ಮತ್ತೆ ಕಾಡಲಿಲ್ಲ. ಇದನ್ನು ಪೂರ್ತಿ ಆ ಒಂದು ಪುಟದ ಖಾತೆಗೆ ಹಾಕಲು ನನಗೆ ಮನಸ್ಸಿಲ್ಲ. ವ್ಯಾಯಾಮ ತಪ್ಪಿಸಲಿಲ್ಲ, ಆ ವರ್ಷ ಪಂದ್ಯಗಳ ನಡುವೆ ಬಿಡುವೂ ಹೆಚ್ಚಿತ್ತು. ಆದರೆ ಹಿಂದಕ್ಕೆ ಚೆಂಡು ಕೊಡುವ ಆಟ ನಿಂತದ್ದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ. ಬಚ್ಚಿಡಲು ಏನೂ ಉಳಿದಿರಲಿಲ್ಲ.

ಡಿಸೆಂಬರಿನಲ್ಲಿ ಅವನ ಮೊದಲ ಪೂರ್ಣ ಆಲ್ಬಮ್ ಬಂತು. ದುಡ್ಡಿನ ಲೆಕ್ಕ ಅಂಥದ್ದೇನಲ್ಲ. ನಾರ್ವೆಯಲ್ಲಿ ಹಾಡು ಬರೆದವರಿಗೆ ಸಲ್ಲಬೇಕಾದ ಹಣವನ್ನು ಟೋನೋ ಎಂಬ ಸಂಸ್ಥೆ ಸಂಗ್ರಹಿಸಿ ಹಂಚುತ್ತದೆ. ಧ್ವನಿಮುದ್ರಿಕೆಯಲ್ಲಿ ಹಾಡಿದವರ, ನುಡಿಸಿದವರ ಪಾಲನ್ನು ಗ್ರಾಮೋ ನೋಡಿಕೊಳ್ಳುತ್ತದೆ. ಎಸ್ ಇಷ್ಟು ದಿನ ಎರಡರಲ್ಲೂ ಹೆಸರು ನೋಂದಾಯಿಸಿರಲಿಲ್ಲ. ರೇಡಿಯೋದಲ್ಲಿ ಹಾಡು ಬರುತ್ತಿದ್ದರೂ ಅದು ತನ್ನ ಸಂಪಾದನೆ ಎಂದು ಕೇಳಲು ಅವನಿಗೆ ಸಂಕೋಚ. ಎರಡನೇ ಕಸುಬನ್ನು ಹವ್ಯಾಸ ಎಂದು ಕರೆದುಕೊಳ್ಳುವವರಲ್ಲಿ ಈ ಸಂಕೋಚವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅರ್ಜಿ ತುಂಬಿಸಿ ಸಹಿ ಹಾಕಿಸಲು ನಿಸೋದ ಅದೇ ಪ್ರತಿನಿಧಿ ಪಕ್ಕದಲ್ಲಿ ಕೂರಬೇಕಾಯಿತು.

ಕಳೆದುಕೊಂಡದ್ದೂ ಇದೆ. ಇಪ್ಪತ್ತೈದರ ವಯಸ್ಸಿಗೆ ಹೊರದೇಶದ ಒಂದು ಕ್ಲಬ್ಬು ಅವನನ್ನು ಕೊಳ್ಳಲು ಮಾತುಕತೆ ನಡೆಸಿತ್ತು. ಕೊನೆಯ ಹಂತದಲ್ಲಿ ಅನುಬಂಧದ ವಿಷಯ ಬಂತು. ಅಂಥದ್ದಕ್ಕೆ ತಾವು ಸಹಿ ಹಾಕುವುದಿಲ್ಲ ಎಂದರು. ಎಸ್ ಒಂದು ವಾರ ತೆಗೆದುಕೊಂಡ. ಅಪ್ಪನಿಗೆ ಫೋನು ಮಾಡಿದ, ಅಣ್ಣನಿಗೆ ಮಾಡಿದ, ಒಂದು ಸಂಜೆ ನನ್ನ ಕೋಣೆಯಲ್ಲಿ ಸುಮ್ಮನೆ ಬಂದು ಕೂತ. ಆಮೇಲೆ ಬೇಡವೆಂದ. ಸಂಬಳ ದುಪ್ಪಟ್ಟಾಗುತ್ತಿತ್ತು. ಅಂಥ ಅವಕಾಶ ಮತ್ತೆ ಬರಲಿಲ್ಲ. ರಾಷ್ಟ್ರೀಯ ತಂಡದ ಕರೆಯೂ ಬರಲಿಲ್ಲ. ಅದು ಸರಿಯಾದ ನಿರ್ಧಾರವೇ ಎಂದು ಕೇಳಿದರೆ, ಅದು ಅವನದೇ ನಿರ್ಧಾರವಾಗಿತ್ತು ಎನ್ನಬಲ್ಲೆ. ಹದಿನಾರರಲ್ಲಿ ಕಾರ್ನೆಟ್ ಹಿಂದಿರುಗಿಸಿದಾಗ ಹಾಗಿರಲಿಲ್ಲ.

ಮರುವರ್ಷ ಕೋಚ್ ಬೇರೆ ಕ್ಲಬ್ಬಿಗೆ ಹೋದ. ಹೊಸ ಕೋಚ್ ಬಂದ ಮೊದಲ ವಾರವೇ ‘ಹಾಡುವ ಫುಲ್‌ಬ್ಯಾಕ್ ಬೇಡ’ ಎಂದ. ಎಸ್ ಜಗಳಕ್ಕೆ ಹೋಗಲಿಲ್ಲ. ಕಪಾಟಿನಿಂದ ಆ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಬಾಯಿಮಾತಾಗಿದ್ದರೆ ಅದು ಹಳೆಯ ಕೋಚಿನ ಜೊತೆಗೇ ಹೋಗಿರುತ್ತಿತ್ತು. ಹೊಸಬ ಅಸಮಾಧಾನದಿಂದಲೇ ಓದಿದ, ನಿದ್ದೆಯ ನೋಟ್‌ಬುಕ್ ಕೇಳಿದ, ವೈದ್ಯಕೀಯ ತಂಡ ಮಾತ್ರ ನೋಡಬಹುದೆಂಬ ಸಾಲನ್ನು ನಾನು ತೋರಿಸಿದೆ. ಸುಮ್ಮನಾದ. ಇಬ್ಬರಿಗೂ ಸ್ನೇಹ ಬೆಳೆಯಲಿಲ್ಲ, ಆದರೆ ಕೆಲಸ ನಡೆಯಿತು.

ಇಷ್ಟರಲ್ಲಿ ನಾರ್ವೆಯ ಫುಟ್ಬಾಲಿನ ಗಾಳಿಯೂ ಕೊಂಚ ಬದಲಾಗಿತ್ತು. 2020ರಲ್ಲಿ ಉತ್ತರದ ಬೂಡೊ/ಗ್ಲಿಮ್ಟ್ ಮೊದಲ ಬಾರಿಗೆ ಲೀಗ್ ಗೆದ್ದಾಗ, ಯುದ್ಧವಿಮಾನದ ಮಾಜಿ ಪೈಲಟ್ ಬ್ಯೋರ್ನ್ ಮಾನ್ಸ್‌ವೆರ್ಕ್ ಆ ತಂಡದ ಮನಸ್ಸಿನ ತರಬೇತುದಾರನಾಗಿದ್ದದ್ದು ಎಲ್ಲರ ಬಾಯಲ್ಲಿತ್ತು. ಆಟಗಾರನ ತಲೆಯೊಳಗೆ ಏನಿದೆ ಎಂದು ಕೇಳುವುದು ಮೃದುತನ ಅಲ್ಲ ಎಂಬ ಮಾತು ಡ್ರೆಸ್ಸಿಂಗ್ ರೂಮಿನಲ್ಲೂ ಕೇಳತೊಡಗಿತು.

ನನ್ನ ಕೆಲಸದಲ್ಲಿ ಬದಲಾದದ್ದು

ಈಗ ಗಾಯಗೊಂಡ ಯಾರೇ ಬರಲಿ, ಗಾಯದ ಹಿಂದಿನ ಹತ್ತು ದಿನವನ್ನು ಗಂಟೆ ಗಂಟೆಯಾಗಿ ಕೇಳುತ್ತೇನೆ. ಎದ್ದುಕಾಣುವ ಕಾರಣ ಒಂದಿದ್ದರೆ ಅದನ್ನು ಕೊನೆಗೆ ಇಡುತ್ತೇನೆ. ಗಿಟಾರ್ ಕಣ್ಣಿಗೆ ಬೀಳುತ್ತದೆ, ಬಿಟ್ಟುಹೋದ ವ್ಯಾಯಾಮ ಬೀಳುವುದಿಲ್ಲ. ಯಾರಾದರೂ ಏನನ್ನಾದರೂ ನಿಲ್ಲಿಸಬೇಕೆಂದರೆ, ನಿಲ್ಲಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅದೇ ಸಭೆಯಲ್ಲಿ ಕೇಳುತ್ತೇನೆ. ಜೂನಿನಲ್ಲಿ ಈ ಒಂದು ಪ್ರಶ್ನೆ ಕೇಳಿದ್ದರೆ ಎಸ್ ಎರಡು ತಿಂಗಳು ಬೀರುವಿನೊಳಗೆ ಕೂರಬೇಕಿರಲಿಲ್ಲ.

ಅವನಿಗೆ ಈಗ ಮೂವತ್ತು ದಾಟಿದೆ. ಎರಡನೇ ದರ್ಜೆಯ ಲೀಗಿಗೆ, ತನ್ನ ಊರಿಗೆ ಹತ್ತಿರದ ಕ್ಲಬ್ಬಿಗೆ ಮರಳಿದ್ದಾನೆ. ಸಂಬಳ ಕಡಿಮೆ, ನೀಲಿ ಗುಂಡಿಗಳು ಹೆಚ್ಚು. ಹೊಸ ಋತುವಿನ ಪಂದ್ಯಗಳ ಪಟ್ಟಿ ಹೊರಬಿದ್ದ ದಿನ ಅವನು ಮೊದಲು ಫೋನು ಮಾಡುವುದು ಕಛೇರಿ ಗೊತ್ತುಮಾಡುವ ಗೆಳತಿಗೆ. ಕಳೆದ ಸಲ ಅವಳು ಮೇ 16ರ ರಾತ್ರಿಗೆ ಒಂದು ಕಛೇರಿ ಕೇಳಿದ್ದಳಂತೆ. ಪಂದ್ಯದ ದಿನವಾದ್ದರಿಂದ ಆಗಲ್ಲ ಅಂದ. ಹದಿನೇಳರಂದು ಬೆಳಿಗ್ಗೆ ಎಲ್ಲಿರುತ್ತೀಯ ಎಂದು ಕೇಳಿದಳು. ಊರಿನ ಶಾಲೆಯ ಬ್ಯಾಂಡಿಗೆ ಕಾರ್ನೆಟ್ ಊದುವವರು ಒಬ್ಬರು ಕಡಿಮೆ ಇದ್ದಾರಂತೆ, ಅಲ್ಲಿಗೆ ಹೋಗುತ್ತಿದ್ದೇನೆ ಎಂದನಂತೆ.